ಬಾಂಡ್ ವಾಮದೇವಪ್ಪ, ಷೇರ್ ರೌಫ್

ಹರಿಹರದ ಕಾರ್ಖಾನೆ ಬಾಗಿಲು ಹಾಕಿದಾಗ ವಾಮದೇವಪ್ಪನವರಿಗೂ ರೌಫ್ ಅವರಿಗೂ ಐವತ್ತು ದಾಟಿತ್ತು. ಒಂದೇ ಶೆಡ್ಡಿನಲ್ಲಿ ಅಕ್ಕಪಕ್ಕದ ಲೇತ್ ಯಂತ್ರಗಳಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಕೈಗೆ ಬಂದ ಪಿಎಫ್ ಹಣವನ್ನು ವಾಮದೇವಪ್ಪ ಸರ್ಕಾರಿ ಬಾಂಡಿನಲ್ಲಿಟ್ಟರೆ ರೌಫ್ ಷೇರು ಕೊಂಡರು. ಅಂದಿನಿಂದ ಸಂಗಡಿಗರ ಬಾಯಲ್ಲಿ ಅವರಿಬ್ಬರೂ ಬಾಂಡ್ ವಾಮದೇವಪ್ಪ, ಷೇರ್ ರೌಫ್ ಆಗಿಬಿಟ್ಟರು.

ಈಗ ವಾಮದೇವಪ್ಪನವರ ಮೊಮ್ಮಗಳು ಕೃತಿಕಾ ದಾವಣಗೆರೆಯ ವಿದ್ಯಾನಗರದ ಬ್ಯಾಂಕೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. "ಅಜ್ಜ, ಪೆನ್ಶನ್‌ಗೆ ಅಂತ ನನ್ನ ಸಂಬಳದಲ್ಲಿ ಹಿಡಿಯೋ ದುಡ್ಡು ಷೇರಿಗೆ ಹಾಕ್ಲೋ, ಬಾಂಡಿಗೋ?" ಎಂದು ಕೇಳಿದಳು.

"ನನ್ನೊಬ್ಬನ್ನ ಕೇಳಿದ್ರೆ ಅರ್ಧ ಉತ್ತರ ಸಿಗ್ತೈತೆ. ನಡಿ, ಹರಿಹರಕ್ಕೆ ರೌಫನ ಹತ್ರ ಹೋಗಾನ."

ಬಸ್ಸು ಹಳೆಯ ಕಾರ್ಖಾನೆಯ ಕಾಂಪೌಂಡ್ ದಾಟುವಾಗ ವಾಮದೇವಪ್ಪ ಕಿಟಕಿಗೆ ಮುಖವಿಟ್ಟರು. ಪಾಳಿ ಬಿಡುವ ಸೈರನ್ ಕೂಗಿದರೆ ಗೇಟಿನಿಂದ ಸೈಕಲ್ಲುಗಳ ಹೊಳೆಯೇ ಹರಿಯುತ್ತಿತ್ತು. ಸಂಬಳದ ದಿನ ರೌಫ್ ಜೊತೆ ನದಿ ದಂಡೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಾ ಕೂತರೆ ಮನೆಯ ನೆನಪೇ ಆಗುತ್ತಿರಲಿಲ್ಲ. ಈಗ ಗೇಟಿನೊಳಗೆ ಜಾಲಿ ಬೆಳೆದಿತ್ತು.

"ಬರ್ರಿ, ಕೂಡ್ರಿ" ಎಂದು ರೌಫ್ ಹೆಂಡತಿ ಹಜೀರಾಬೀ ಚಹಾ ತಂದರು. ಕೃತಿಕಾಳ ಪ್ರಶ್ನೆ ಕೇಳಿ ರೌಫ್ ಹೆಂಡತಿಯ ಕಡೆ ಕೈ ತೋರಿಸಿದರು.

"ಎರಡು ಸಾವಿರದ ಎಂಟರಾಗೆ ಮಾರ್ಕೆಟ್ ಬಿತ್ತವ್ವ. ನನ್ನ ದುಡ್ಡು ಅರ್ಧಕ್ಕಿಳೀತು. ಅದೇ ಹೊತ್ತಿಗೆ ಇವಳಿಗೆ ಹಾರ್ಟ್ ಆಪರೇಷನ್. ಸಿಕ್ಕಷ್ಟಕ್ಕೆ ಎಲ್ಲ ಮಾರಾಕೆ ಹೊರಟಿದ್ದೆ. ನಿಮ್ಮಜ್ಜ ಬಿಡ್ಲಿಲ್ಲ. ಅವಧಿ ಮುಗಿದಿದ್ದ ತನ್ನ ಬಾಂಡಿನ ದುಡ್ಡು ತಂದು ಆಸ್ಪತ್ರೆಗೆ ಕಟ್ಟಿದ."

ಕೃತಿಕಾ ಅಜ್ಜನ ಕಡೆ ನೋಡಿದಳು. ಮನೆಯಲ್ಲಿ ಯಾರೂ ಈ ಮಾತು ಆಡಿದ್ದಿಲ್ಲ. ವಾಮದೇವಪ್ಪ ಚಹಾದ ಲೋಟವನ್ನೇ ನೋಡುತ್ತಿದ್ದರು.

"ಆಮೇಲೆ?"

"ಆಮೇಲೆ ಷೇರು ಎದ್ದವು. ಇವನ ದುಡ್ಡು ತೀರಿಸಿದೆ, ಈ ಮಾಳಿಗೆ ಕಟ್ಟಿಸಿದೆ. ಲಾಭದಾಗೆ ಪಾಲು ತಗೋ ಅಂದ್ರೆ ಬ್ಯಾಡ ಅಂದ."

"ಹಂಗಾದ್ರೆ ಷೇರೇ ಮೇಲಲ್ವಾ, ರೌಫಜ್ಜ?"

"ಕಾಯೋಕೆ ಆಗೋರಿಗೆ ಮೇಲು. ಆವತ್ತು ನಾನು ಕಾದಿದ್ದು ನನ್ನ ಧೈರ್ಯದಿಂದಲ್ಲ, ಇವನ ಬಾಂಡಿನಿಂದ."

ವಾಮದೇವಪ್ಪ ನಕ್ಕರು. "ನಂದು ಬೀಳಲೂ ಇಲ್ಲ, ಏಳಲೂ ಇಲ್ಲ. ಬಡ್ಡಿ ಇದ್ದಷ್ಟೇ ಇತ್ತು, ಸಂತಿ ರೇಟ್ ಮಾತ್ರ ಏರ್ತಾ ಹೋತು. ನಿನಗಿನ್ನೂ ವಯಸ್ಸೈತೆ, ಷೇರಿಗೆ ಹೆಚ್ಚು ಹಾಕು. ಆದ್ರೆ ಕಷ್ಟಕ್ಕೆ ಅಂತ ಒಂದು ಪಾಲು ಬಾಂಡಿನಾಗೆ ಇಡು."

"ವಯಸ್ಸಾದಂಗೆ ಆ ಪಾಲು ಹೆಚ್ಚು ಮಾಡ್ತಾ ಹೋಗು" ಎಂದು ರೌಫ್ ಸೇರಿಸಿದರು. ಕೃತಿಕಾ ಹಾಗೇ ಮಾಡುವುದೆಂದು ಅಲ್ಲೇ ತೀರ್ಮಾನಿಸಿದಳು.

ಬಸ್ ನಿಲ್ದಾಣದವರೆಗೂ ರೌಫ್ ಜೊತೆಗೆ ಬಂದರು. ಶೆಡ್ಡಿನ ಮೈಲಪ್ಪ ಈಗ ಎಲ್ಲಿದ್ದಾನೆ, ಫೋರ್‌ಮನ್ ಅಂಜಿನಪ್ಪ ಹೇಗೆ ಬೈಯುತ್ತಿದ್ದ ಎಂದು ಇಬ್ಬರಿಗೂ ಮಾತು ಮುಗಿಯಲೊಲ್ಲದು. ದಾವಣಗೆರೆಯ ಬಸ್ಸುಗಳು ಒಂದರ ಹಿಂದೊಂದು ಹೋದವು. ಕೃತಿಕಾ ಅವಸರ ಮಾಡಲಿಲ್ಲ.