ಕನ್ನಡಿಯ ಹಿಂದಿನ ಕಣ್ಣು

ಮಗಳ ಮೊಣಕಾಲಿನ ಮೇಲೆ ಕಂದು ಪ್ಲಾಸ್ಟರ್, ಎರಡು ಬೆರಳಗಲದ್ದು, ಅಂಚು ಮಡಚಿಕೊಂಡಿದೆ, ಅಪ್ಪಾ ಕೀಳ್ಬೇಡ ಉರಿಯುತ್ತೆ, ಇಲ್ಲ ಪುಟ್ಟೀ ಕೀಳಲ್ಲ — ಕೀಳಲಿಲ್ಲ, ಅಯ್ಯೋ, ನಿನ್ನೆ ಕೀಳಲೇ ಇಲ್ಲ, ಡ್ರೈವರನ ಕೈಯಲ್ಲಿದ್ದ ಲೋಟ ಬಾಯಿಯ ಹತ್ತಿರವೇ ನಿಂತಿತು. ಬಸ್ಸಿನ ಗಾಜಿಗೆ, ಕನ್ನಡಿಯ ಹಿಂದೆ ಕೂರಿಸಿರುವ, ಅಡ್ಡ ಬಂದವರನ್ನು ಪತ್ತೆಹಚ್ಚುವ ಕ್ಯಾಮೆರಾದ ಎದುರಿಗೆ, ಹೊರಗಿನಿಂದ ಅಂಟಿಸಿದ್ದು ಇದೇ ಡಬ್ಬಿಯ ಪ್ಲಾಸ್ಟರ್. ಡಿಪೋದಲ್ಲಿ ಎಲ್ಲರೂ ಅಂಟಿಸುವವರೇ, ಹತ್ತುವಾಗ ಅಂಟಿಸು, ಇಳಿಯುವಾಗ ಕೀಳು, ಇಲ್ಲದಿದ್ದರೆ ಆ ಯಂತ್ರ ನೆರಳು ಕಂಡರೂ ಕೀ ಎನ್ನುತ್ತದೆ, ಬೋರ್ಡು ಕಂಡರೂ ತಾನೇ ಬ್ರೇಕು ಒತ್ತುತ್ತದೆ, ಅವತ್ತು ನಿಂತಿದ್ದ ಅಜ್ಜಿ ಮುಗ್ಗರಿಸಿ ಬಿದ್ದು, ಏನಪ್ಪಾ ಗಾಡಿ ಓಡ್ಸೋಕೆ ಬರಲ್ವಾ ನಿಂಗೆ, ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡಿದವನಿಗೆ! ಮೆಕ್ಯಾನಿಕ್ ಬೇರೆ ಕಾಲೆಳೆದಿದ್ದ, ಇನ್ಮೇಲೆ ಗಾಡಿ ಅದೇ ಓಡ್ಸುತ್ತೆ ಯಜಮಾನ್ರೇ, ನೀವು ಹಾರ್ನ್ ಹೊಡೀತಾ ಕೂತ್ಕೊಳ್ಳಿ. ಎಲ್ಲರೂ ನಕ್ಕರು, ತಾನೂ ನಕ್ಕ. ಅವಮಾನ, ಹೌದು, ಅದಕ್ಕೇ ಅಂಟಿಸಿದ್ದು, ಬೇರೇನಿಲ್ಲ.

ಭಾವಮೈದ ಮಾತ್ರ ನಗಲಿಲ್ಲ, ಹೆಂಡತಿಯ ತಮ್ಮ, ಕೆಲಸಕ್ಕೆ ಸೇರಿ ಮೂರೇ ತಿಂಗಳು, ತರಬೇತಿಯಲ್ಲಿ ಹೇಳಿದ್ದನ್ನೆಲ್ಲ ನಂಬುವವನು, ಭಾವ, ಅದು ಒಂದ್ಸಲ ನನ್ನ ಉಳಿಸಿದೆ, ಸೈಕಲ್ಲು ನಾ ನೋಡೇ ಇರ್ಲಿಲ್ಲ, ಅದು ನೋಡ್ತು. ಇವತ್ತು ಬೆಳಗಿನ ಪಾಳಿ ಅವನದು, ಅದೇ ಗಾಡಿ. ಸೀಟಿನಲ್ಲಿ ಕೂತವನಿಗೆ ಕನ್ನಡಿ ಅಡ್ಡ, ಪ್ಲಾಸ್ಟರ್ ಕಾಣದು, ಕ್ಯಾಮೆರಾದ ಕಣ್ಣು ಮುಚ್ಚಿದರೂ ಎಲ್ಲ ಸರಿಯಿದೆ ಎನ್ನುವ ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಹಾಳಾದ್ದು, ಆ ದೀಪ ನಂಬಿಕೊಂಡು ಅವನು — ಫೋನು ಮಾಡಿದರೆ ರಿಂಗಾಗುತ್ತಿದೆ, ಅವನು ಎತ್ತುವುದಿಲ್ಲ, ಗಾಡಿ ಓಡ್ಸುವಾಗ ಫೋನ್ ಮುಟ್ಟಿದ್ರೆ ಕೈ ಮುರೀತೀನಿ ಎಂದವನು ತಾನೇ. ಬೆರಳು ಡಿಪೋ ನಂಬರಿನ ಮೇಲೆ ನಿಂತಿತು, ಒತ್ತಲಿಲ್ಲ, ಒತ್ತಿದರೆ ಕೆಲಸ ಹೋಗುತ್ತದೆ, ಥೂ ಹೇಡಿ, ಎಂಟೂಕಾಲಿಗೆ ಬಸ್ಸು ಶಾಲೆಯ ತಿರುವಿಗೆ ಬರುತ್ತದೆ, ತಾನೇ ಹೋಗಿ ತಡೆದರಾಯಿತು, ಎಲ್ಲಿಗ್ರೀ ಬರಿಗಾಲಲ್ಲಿ, ಹೆಂಡತಿಯ ಕೂಗು, ಏನೆಂದು ಹೇಳುವುದು ಅವಳಿಗೆ, ನಿನ್ನ ತಮ್ಮನ ಗಾಡಿಯ ಕಣ್ಣು ನಾನೇ ಮುಚ್ಚಿದೆ ಎಂದೇ?

ಓಡು, ಏದುಸಿರು, ಐವತ್ತರ ಹೊಟ್ಟೆ, ತಿರುವು, ರಸ್ತೆಯ ಬಿಳಿ ಪಟ್ಟೆ, ಬಂತು, ಬಸ್ಸು ಬಂತು, ಸದ್ಯ, ಏನೂ ಆಗಿಲ್ಲ, ಬಂಪರ್ ನೆಟ್ಟಗಿದೆ, ಕೈ ಬೀಸುತ್ತ ರಸ್ತೆಗೆ ಇಳಿದ, ನಿಲ್ಸೋ, ನಿಲ್ಸೋ, ಭಾವಮೈದನ ಮುಖ ಪಕ್ಕದ ಕನ್ನಡಿಯ ಕಡೆಗಿದೆ, ಬಾಗಿಲಲ್ಲಿ ಜೋತವರನ್ನು ನೋಡುತ್ತಿದ್ದಾನೆ, ಇತ್ತ ನೋಡುತ್ತಿಲ್ಲ, ಅವನು ನೋಡದಿದ್ದರೇನು, ಅದು ನೋಡುತ್ತದೆ, ಅದು ಬ್ರೇಕು ಒತ್ತುತ್ತದೆ, ಅದು — ಗಾಜಿನ ನಡುವೆ, ಕಂದು, ಎರಡು ಬೆರಳಗಲ, ಅಂಚು ಮಡಚಿಕೊಂಡ ಪ್ಲಾಸ್ಟರ್.