ಉದ್ದವ್ವನಿಲ್ಲದ ಪೀಠಿಕೆ

ಅನಾದಿಕಾಲದ ಮೇಲೆ ಒಂದು ಇರುವೆ ಹತ್ತಿದೆ, ಮಾನವನ ಹತ್ತಿರ ಬಂದು ಮೀಸೆ ಆಡಿಸುತ್ತ ನಿಂತಿದೆ, ನಿಲ್ಲಲಿ ಬಿಡು, ಆ ಸಾಲಿನಲ್ಲಿ ಜೀವ ಇರುವುದು ಅದೊಂದಕ್ಕೇ, ಎಂದುಕೊಂಡಳು ಗುಡ್ಡವ್ವ, ಕುಲಗೋಡದ ಮನೆಯ ಕಟ್ಟೆಯ ಮೇಲೆ ಹಾಳೆ ಹರವಿಕೊಂಡು — ಅನಾದಿಕಾಲದಿಂದಲೂ ಮಾನವನು ಕಥಾಪ್ರಿಯನಾಗಿರುವನು, ಆಹಾ, ಯಾವ ಊರವನಪ್ಪ ಈ ಮಾನವ, ಹತ್ತರಗಿಯವನೋ ಅರಭಾವಿಯವನೋ, ಯಾರ ಮಗ, ಏನು ಉಂಡಿದ್ದ, ಒಂದೂ ಇಲ್ಲ, ಧಾರವಾಡದಲ್ಲಿ ಅವಳ ಸಂಶೋಧನೆಯ ಗೈಡು ಪ್ರೊಫೆಸರ್ ಪರಪ್ಪನವರು ತಿರುಗುವ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ, ದೇವರೇ ಕಿವಿಯಲ್ಲಿ ಉಸುರಿದ ಹಾಗೆ ಕಣ್ಣು ಮುಚ್ಚಿ, ಅವಳ ಜನಪದ ಕಥೆಗಳ ಲೇಖನಕ್ಕೆಂದು ಹೇಳಿ ಬರೆಸಿದ ಮಾನವ, ಪೀಠಿಕೆ ಅಂದ್ರ ಹೆಬ್ಬಾಗಿಲ ಇದ್ದಂಗವಾ, ಅಲ್ಲಿ ನಿಮ್ಮಜ್ಜೀನ ಕುಂಡರಿಸಿದ್ರ ವಿದ್ವಾಂಸರು ಒಳಗ ಹೆಂಗ ಬರ್ತಾರ, ನಕ್ಕರು, ನಗುವಾಗ ಹೊಟ್ಟೆ ಮೇಜಿಗೆ ತಾಗಿತು, ಅವಳು ಬರೆದಿದ್ದ ಮೊದಲ ಸಾಲಿನ ಮೇಲೆ ಕೆಂಪು ಪೆನ್ಸಿಲ್ ಎಳೆದರು — ಕುಲಗೋಡದ ಉದ್ದವ್ವ ಕಥೆ ಸುರು ಮಾಡುವ ಮೊದಲು, ಹ್ಞೂಂ ಅನ್ನುವವರು ಯಾರು ಎಂದು ಕೇಳುತ್ತಾಳೆ — ಇಷ್ಟೇ ಇತ್ತು, ಇದೇನ ಸಂಶೋಧನೇನೋ ಕಟ್ಟಿ ಮ್ಯಾಲಿನ ಹರಟಿನೋ, ಹೆಸರ ತಗಿ, ಒಬ್ಬ ನಿರಕ್ಷರ ವೃದ್ಧೆ ಅಂತ ಬರಿ, ಇಲ್ಲಾಂದ್ರ ನಾ ಸಹಿ ಮಾಡಂಗಿಲ್ಲ, ಸಹಿ ಇಲ್ಲದ ಲೇಖನ ಯಾವ ಪತ್ರಿಕಿಯವರೂ ಮುಟ್ಟಂಗಿಲ್ಲ, ಆಗ ಇವಳೇನಂದಳು, ಏಳು ಸಮುದ್ರದಾಚೆ ಗಿಳಿಯ ಹೊಟ್ಟೆಯಲ್ಲಿ ಜೀವ ಬಚ್ಚಿಟ್ಟ ರಾಕ್ಷಸರ ಕಥೆ ಕೇಳಿ ಬೆಳೆದವಳು, ಈ ರಾಕ್ಷಸನ ಜೀವ ಅಡಿಟಿಪ್ಪಣಿಯಲ್ಲಿದೆ, ಅದರ ಕತ್ತು ಹಿಸುಕಿದರೆ ಕುರ್ಚಿಯಲ್ಲೇ ಕಾಲು ಝಾಡಿಸುತ್ತಾನೆ ಎಂದು ಒಳಗೊಳಗೇ ಕುದ್ದವಳು, ಹೊರಗೆ ಅಂದದ್ದು ಹ್ಞೂಂರಿ ಸರ್, ಥೂ, ಕೈಕಟ್ಟಿ ನಿಂತು, ಈಗ ಅದನ್ನೇ ದುಂಡಗೆ ನಕಲು ಮಾಡುತ್ತಿದ್ದಾಳೆ, ಲಕೋಟೆಗೆ ಹಾಕಿ ನಾಲ್ಕರ ಗೋಕಾಕ ಬಸ್ಸಿಗೆ ಕೊಟ್ಟರೆ ನಾಳೆ ಧಾರವಾಡ.

ಏನವ್ವಾ, ಅಷ್ಟ ಏನ ಬರದಿ, ಓದು ಕೇಳ್ತೇನಿ, ಬಸ್ಸ ಬರಾಕ ಇನ್ನಾ ಹೊತ್ತೈತಿ, ಬಾಜೂಕ್ಕೆ ಕುಳಿತು ವೀಳ್ಯದೆಲೆಯ ನಾರು ತೆಗೆಯುತ್ತಿದ್ದ ಅಜ್ಜಿ ಉದ್ದವ್ವ ಅಂದಳು, ಬ್ಯಾಡಬೇ ಅದು ದೊಡ್ಡವರ ಮಾತು ಅಂದರೆ ಬಿಡುವವಳಲ್ಲ, ದೊಡ್ಡವರಿಗೂ ಹ್ಞೂಂ ಅನ್ನವರು ಬೇಕಲ್ಲವ್ವಾ, ನಾ ಅಂತೇನಿ — ಅದೇ ಅವಳ ಕಾಯ್ದೆ, ಕೇಳುವವರು ಹ್ಞೂಂ ಅನ್ನದಿದ್ದರೆ ಹೇಳುವವರು ಮುಂದೆ ಹೋಗಕೂಡದು, ಚಿಕ್ಕವರಿದ್ದಾಗ ನಿದ್ದೆ ಬಂದು ಹ್ಞೂಂ ತಪ್ಪಿದೊಡನೆ ರಾಜಕುಮಾರ ಎತ್ತಿದ ಕಾಲಿನಲ್ಲೇ ನಿಲ್ಲುತ್ತಿದ್ದ, ಅಜ್ಜಿಯ ಸುಣ್ಣದ ಬೆರಳು ಎಲೆಗೆ ತಾಗದೆ ಗಾಳಿಯಲ್ಲೇ ನಿಲ್ಲುತ್ತಿತ್ತು — ಸರಿ, ಓದಿದಳು, ಅನಾದಿಕಾಲ, ಮಾನವ, ಹ್ಞೂಂ ಅಂದಳು ಅಜ್ಜಿ, ವಿದ್ವಾಂಸರ ಅಭಿಪ್ರಾಯದಂತೆ, ಹ್ಞೂಂ, ಬೆರಳು ಸುಣ್ಣದ ಡಬ್ಬಿಗೆ ಹೋಯಿತು, ಗುಡ್ಡವ್ವ ಮುಂದಿನ ಸಾಲಿಗೆ ಬಂದಳು, ಈ ಕಥೆಗಳನ್ನು ಒಬ್ಬ ನಿರಕ್ಷರ ವೃದ್ಧೆಯಿಂದ ಸಂಗ್ರಹಿಸಲಾಗಿದೆ, ಹಂಗಂದ್ರೇನವ್ವಾ, ಸಾಲಿ ಕಲೀದ ಒಬ್ಬಾಕಿ ಮುದುಕಿ ಅಂದಳು ಇವಳು, ಯವ್ವಾ, ಆಕಿ ಹೇಳಿದ ಕಥಿ ಬರದೀ, ಛಲೋ ಮಾಡಿದಿ, ಯಾವೂರಾಕಿ, ನನಗಂತೂ ಗುರ್ತ ಹತ್ತಲಿಲ್ಲ ಅಂದಳು ಅಜ್ಜಿ, ಪಾಪ, ಆಕಿಗೆ ಹೆಸರಿಲ್ಲೇನ — ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರ್ನು, ಲಕೋಟೆ ತೊಡೆಯ ಮೇಲಿದೆ, ಏನಾದರೂ ಹೇಳಬೇಕು, ಹೇಳಬೇಕು, ಅಜ್ಜಿ ಕಾಯುತ್ತಿದ್ದಾಳೆ, ಬೆರಳ ತುದಿಯ ಬಿಳಿ ಸುಣ್ಣ, ಎಲೆಯಿಂದ ಒಂದಂಗುಲ ಮೇಲೆ, ಹಾಗೇ, ಇನ್ನೂ ಹಾಗೇ, ಆ ಬೆರಳು