ನೀರಲ್ಲೇ ನಿಂತ ಕುರಿಗಳು

"ಕುರಿ ಇನ್ನೂ ನೀರಲ್ಲೇ ನಿಂತಾವೇನೇ?" ಕಾಳಕ್ಕ ಪಡಸಾಲೆಯಿಂದ ಕೂಗಿದಳು. "ಪಾಪ, ಥಂಡಿ ಹಿಡಿಯಲ್ವಾ ಅವಕ್ಕೆ?"

ಒಳಗೆ ಚೈತ್ರಾ ತಲೆ ಹಿಡಿದುಕೊಂಡು ಕೂತಿದ್ದಳು. ಅವಳೆದುರಿನ ಕಂಪ್ಯೂಟರ್ ಮತ್ತೆ ತಾನಾಗೇ ಆರಿಹೋಗಿತ್ತು. ಅಕ್ಕಿ ತೊಳೆಯುತ್ತಿದ್ದ ಸುಮಾ ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತಳು. ಮಗಳ ಬೆನ್ನು ನೋಡಿದರೇ ಅವಳಿಗೆ ಎಲ್ಲ ತಿಳಿಯುತ್ತಿತ್ತು.

ಸುಮಾಳ ಅತ್ತೆ ಕಾಳಕ್ಕ ಹುಡುಗಿಯಾಗಿದ್ದಾಗ ಅಪ್ಪನ ಕುರಿಮಂದೆಯ ಹಿಂದೆ ತಿರುಗಿದವಳು. ವೇದಾವತಿ ತುಂಬಿ ಹರಿಯುತ್ತಿದ್ದ ಒಂದು ಸಂಜೆ ಮಂದೆಯನ್ನೆಲ್ಲ ಒಬ್ಬಳೇ ಹೊಳೆ ದಾಟಿಸಿದ ಕಥೆಯನ್ನು ಹಿರಿಯೂರಿನ ಅವರ ಮನೆಗೆ ಬಂದವರೆಲ್ಲ ಕೇಳಿದ್ದರು. ಚೈತ್ರಾ ಅದನ್ನು ಅಜ್ಜಿಯ ದನಿಯಲ್ಲೇ ಹಿಡಿದಿಟ್ಟು, ಒಂದೊಂದೇ ಕುರಿ ಬರೆದು, ಪುಟ್ಟ ಕಾರ್ಟೂನ್ ಸಿನಿಮಾ ಮಾಡಿದ್ದಳು. ಚಿತ್ರದುರ್ಗದಲ್ಲಿರುವ ಅವಳ ಕಾಲೇಜಿನ ಚಿತ್ರೋತ್ಸವಕ್ಕೆ ಇವತ್ತು ಸಂಜೆ ಐದರೊಳಗೆ ಅದು ಹೋಗಬೇಕು. ಬಿಡಿ ಚಿತ್ರಗಳನ್ನೆಲ್ಲ ಹೊಲಿದು ಸಿನಿಮಾ ಮಾಡಿಕೊಡುವುದು ಕಂಪ್ಯೂಟರಿನ ಕೆಲಸ. ಅದೋ, ತೆವಳಿ ತೆವಳಿ, ಕುರಿಗಳು ಹೊಳೆಗಿಳಿಯುವ ಹೊತ್ತಿಗೆ ಸರಿಯಾಗಿ ಪ್ರಾಣ ಬಿಡುತ್ತಿತ್ತು.

ಆ ಕಂಪ್ಯೂಟರನ್ನು ಚೈತ್ರಾಳೇ ಬಿಡಿಭಾಗ ತರಿಸಿ, ಫೋನಿನಲ್ಲಿ ವಿಡಿಯೊ ನೋಡುತ್ತ ಜೋಡಿಸಿದ್ದಳು. ಅಪ್ಪ ಕನಕರಾಜ್ ಪಕ್ಕದಲ್ಲಿ ಸ್ಕ್ರೂ ಹಿಡಿದು ಕೂತಿದ್ದ. ಮಾರಿಕಣಿವೆ ಅಣೆಕಟ್ಟಿನಲ್ಲಿ ನೀರಾವರಿ ಕೆಲಸ ಅವನದು; ತೂಬಿನ ಗೇಟನ್ನೇ ಬಿಚ್ಚುವವನಿಗೆ ಇದೇನು ಮಹಾ ಎನ್ನುವ ಗತ್ತು. ಮನುಷ್ಯ ಒಳ್ಳೆಯವನೇ, ಹುಚ್ಚು ಮಾತ್ರ ಒಂದಿತ್ತು. ಹೊಸದು ಹೊಸದಾಗೇ ಇರಬೇಕು. ಫ್ರಿಜ್ಜಿನ ಹಿಡಿಕೆ, ಟೀವಿ ರಿಮೋಟು, ಸ್ಕೂಟರಿನ ಸೀಟು, ಯಾವುದರ ಪ್ಲಾಸ್ಟಿಕ್ಕನ್ನೂ ಕೀಳಲು ಬಿಟ್ಟವನಲ್ಲ. ಅವನು ಸ್ಕೂಟರ್ ಹತ್ತಿದರೆ ಚರಚರ ಸದ್ದು ಬೀದಿ ಕೊನೆಗೂ ಕೇಳುತ್ತಿತ್ತು.

"ಕರೆಂಟಿಂದೇ ದೋಷ" ಎಂದು ಅವನು ಸ್ಟೆಬಿಲೈಜರ್ ತಂದು ಹಾಕಿದ್ದ. ಚೈತ್ರಾ ಚಿತ್ರಗಳನ್ನು ಬೇರೆಡೆ ತೆಗೆದಿಟ್ಟು, ಉಳಿದದ್ದೆಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದ್ದಳು. ಕಾಳಕ್ಕ ನಿಂಬೆಹಣ್ಣು ನಿವಾಳಿಸಿ ಕಿಟಕಿಯಾಚೆ ಎಸೆದಿದ್ದಳು. ಯಾವುದಕ್ಕೂ ಅದು ಜಗ್ಗಲಿಲ್ಲ.

"ಇನ್ನೊಂದು ಸಲ ಹಚ್ಚು ಮಗಾ" ಎಂದಳು ಸುಮಾ, ಮಗಳ ತಲೆ ಸವರಿ. "ನಾನೂ ನೋಡ್ತೀನಿ."

"ನೀನೇನು ನೋಡ್ತೀಯಮ್ಮ?"

"ನಿನ್ನ ಪಕ್ಕ ಕುಂತ್ಕಂತೀನಿ, ಅಷ್ಟೇ."

ಚೈತ್ರಾ ಕಂಪ್ಯೂಟರ್ ಡಬ್ಬಿಯ ಪಕ್ಕದ ಬಾಗಿಲು ತೆಗೆದಿಟ್ಟು ಶುರುಮಾಡಿದಳು. ಒಳಗಿನ ಫ್ಯಾನು ಈಗಲೇ ಹಾರಿಹೋಗುವಂತೆ ಬೊಬ್ಬೆ ಹೊಡೆಯತೊಡಗಿತು. ಪರದೆಯ ಮೂಲೆಯಲ್ಲಿ ಒಂದು ಅಂಕಿ ಸರಸರನೆ ಏರಿತು.

"ಅದೇನೇ?"

"ಪ್ರೊಸೆಸರಿನ ಬಿಸಿ. ಅದೇ ಇದರ ಮಿದುಳು. ನೂರರ ಹತ್ರ ಹೋಯ್ತು, ಇನ್ನೇನು ಆರುತ್ತೆ."

"ನೂರಾ? ನೀರು ಕುದಿಯೋವಷ್ಟಾ!" ಸುಮಾ ಬಗ್ಗಿದಳು. "ಎಲ್ಲೈತೆ ಅದು?"

"ಆ ಬೆಳ್ಳಿ ರೇಕುಗಳ ಕೆಳಗೆ. ಅದು ಕೂಲರ್, ಬಿಸಿ ಹೀರ್ಕೊಂಡು ಹೊರಗೆ ಹಾಕುತ್ತೆ."

ಸುಮಾ ಫ್ಯಾನಿಗೆ ತಗಲದಂತೆ ರೇಕಿನ ಅಂಚಿಗೆ ಮೆಲ್ಲಗೆ ಬೆರಳು ತಾಕಿಸಿದಳು. "ತಣ್ಣಗೈತಲ್ಲೇ."

"ಕೂಲರ್ ತಣ್ಣಗಿರಬೇಕಮ್ಮ. ಅದಕ್ಕೇ ಕೂಲರ್ ಅನ್ನೋದು."

"ಅಲ್ವೇ, ಕೆಳಗೆ ಕುದೀತೈತೆ ಅಂತೀಯ. ಒಲೆ ಧಗಧಗ ಉರೀತಿದ್ರೂ ಹಂಚು ಕಾದಿಲ್ಲ ಅಂದ್ರೆ..."

ಪುಸಕ್ಕನೆ ಕಂಪ್ಯೂಟರ್ ಆರಿತು. ಚೈತ್ರಾ ಅದನ್ನು ನೋಡಲೇ ಇಲ್ಲ. ಅಮ್ಮನ ಮುಖವನ್ನೇ ನೋಡುತ್ತಿದ್ದಳು.

"ಬಿಸಿ ಮೇಲಕ್ಕೆ ಬರ್ತಾನೇ ಇಲ್ಲ" ಎಂದಳು ಮೆಲ್ಲಗೆ. ಆಮೇಲೆ ಚೀರಿದಳು, "ಬರ್ತಾನೇ ಇಲ್ಲಮ್ಮ! ಅಪ್ಪಾ! ಸ್ಕ್ರೂಡ್ರೈವರ್!"

ಚರಚರ ಸದ್ದಿನ ಸ್ಕೂಟರನ್ನು ಒರೆಸುತ್ತಿದ್ದ ಕನಕರಾಜ್ ಓಡಿ ಬಂದ. ಕಾಳಕ್ಕನೂ ಗೋಡೆ ಹಿಡಿದು ಎದ್ದು ಬಂದಳು. ಚೈತ್ರಾ ವೈರು ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಎತ್ತಿ ತಿರುಗಿಸಿದಳು. ಅದರ ತಳಕ್ಕೆ ಅಂಟಿಕೊಂಡು ಒಂದು ತೆಳ್ಳನೆ ಪ್ಲಾಸ್ಟಿಕ್ ಹಾಳೆ ಮಿರಮಿರ ಮಿಂಚುತ್ತಿತ್ತು. ಮೇಲೆ ಕೆಂಪಕ್ಷರ. ಚೈತ್ರಾ ಓದಿ ಕನ್ನಡದಲ್ಲಿ ಹೇಳಿದಳು: "ಜೋಡಿಸುವ ಮುನ್ನ ತಪ್ಪದೆ ತೆಗೆಯಿರಿ."

ಕನಕರಾಜ್ ಕತ್ತು ಕೆರೆದುಕೊಂಡ.

"ಒಂದು ಮೂಲೆ ಎದ್ದಿತ್ತು ಕಣಮ್ಮ" ಎಂದ. "ಗೀಚು ಬಿದ್ದಾತು ಅಂತ ನಾನೇ ಒತ್ತಿ ಅಂಟಿಸ್ದೆ."

"ಏನಪ್ಪ, ಕಂಪ್ಯೂಟರಿಗೂ ರೇನ್‌ಕೋಟು ಹಾಕ್ಸಿದ್ಯಾ?" ಎಂದಳು ಕಾಳಕ್ಕ.

ಸುಮಾ ಸೆರಗು ಬಾಯಿಗಿಟ್ಟುಕೊಂಡರೂ ನಗು ತಡೆಯಲಾಗಲಿಲ್ಲ. ಚೈತ್ರಾ ನಗುತ್ತಲೇ ಉಗುರಿನಿಂದ ಹಾಳೆ ಎಬ್ಬಿಸಿ ಪರ್ರನೆ ಕಿತ್ತಳು. ಕೂಲರ್ ಬಂದ ಪೆಟ್ಟಿಗೆಯಲ್ಲಿ ಉಳಿದಿದ್ದ, ಬಿಸಿ ದಾಟಿಸುವ ಪೇಸ್ಟಿನ ಕೊಳವೆ ಹುಡುಕಿ, ಪ್ರೊಸೆಸರನ್ನು ಒರೆಸಿ, ಕಡಲೆಕಾಳಿನಷ್ಟು ಇಟ್ಟು, ಮತ್ತೆ ಬಿಗಿದಳು. ಸುಮಾ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಳು. "ನಿಧಾನ ಮಗಾ. ಟೈಮೈತೆ" ಎಂದಳು, ಟೈಮಿದೆಯೋ ಇಲ್ಲವೋ ನೋಡದೆ.

ಈ ಸಲ ಫ್ಯಾನು ಸುಮ್ಮನೆ ಉಸಿರಾಡುವಂತೆ ತಿರುಗಿತು. ಬಿಸಿಯ ಅಂಕಿ ಅರವತ್ತರ ಆಸುಪಾಸಲ್ಲೇ ನಿಂತುಬಿಟ್ಟಿತು. ಪರದೆಯಲ್ಲಿ ತೆವಳುತ್ತಿದ್ದ, ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಓಡತೊಡಗಿತು. ಕುರಿಗಳು ಹೊಳೆಗಿಳಿಯುವ ಜಾಗ ಬಂತು. ಸುಮಾ ಮಗಳ ಭುಜ ಹಿಡಿದಳು. ಆ ಜಾಗ ದಾಟಿತು! ಮುಗಿಯಿತು! ಚೈತ್ರಾ ಕಳಿಸುವ ಗುಂಡಿ ಒತ್ತಿ, ಕುರ್ಚಿ ಬೀಳಿಸಿಕೊಂಡು ಎದ್ದು ಅಮ್ಮನನ್ನು ತಬ್ಬಿಕೊಂಡಳು.

"ಹೋಯ್ತೇನೇ?"

"ಹೋಯ್ತಮ್ಮ! ಐದಾಗೋಕೆ ಮುಂಚೇನೇ!"

ಆಮೇಲೆ ಎಲ್ಲರೂ ಕೂತು ನೋಡಿದರು. ಪರದೆಯಲ್ಲಿ ಚಿಕ್ಕ ಕಾಳಕ್ಕ ಕಂಬಳಿ ಹೊದ್ದು ಹುರ್ರೋ ಎಂದು ಕೂಗಿದಳು. ಮಂದೆ ಎದೆಮಟ್ಟದ ನೀರು ಸೀಳಿಕೊಂಡು ಆಚೆ ದಡ ಹತ್ತಿ ಮೈ ಕೊಡವಿತು. ದೊಡ್ಡ ಕಾಳಕ್ಕ ಬೆರಳು ಮಡಚುತ್ತ ಎಣಿಸುತ್ತಿದ್ದಳು.

"ಲೇ, ಒಂದು ಮರಿ ಕಮ್ಮಿ ಐತಲ್ಲೇ!"

"ಸರಿಯಾಗಿ ನೋಡಜ್ಜಿ" ಎಂದು ಚೈತ್ರಾ ಪರದೆಗೆ ಬೆರಳು ತೋರಿಸಿದಳು.

ಹುಡುಗಿಯ ಕಂಬಳಿಯೊಳಗಿಂದ ಪುಟ್ಟ ಕಿವಿಯೊಂದು ಇಣುಕುತ್ತಿತ್ತು.